ದೊಡ್ಡಪ್ಪನ ಅಪ್ಪೆಮಿಡಿ



ಸ್ಥಳೀಯ ತಳಿಗಳ ಕುರಿತು ಮಾತನಾಡಲು ನನ್ನನ್ನು ಕರೆದಿದ್ದೀರಿ. ಮೂರು ತಿಂಗಳ ಹಿಂದೆ ತೀರಿಕೊಂಡ ನನ್ನ ದೊಡ್ಡಪ್ಪನನ್ನು ನೆನೆಯದೆ ಆ ಮಾತು ನನಗೆ ಸಾಧ್ಯವಿಲ್ಲ.

ಅವರ ತೋಟದಂಚಿನ ಹೊಳೆದಂಡೆಯಲ್ಲಿ ಒಂದು ಅಪ್ಪೆಮರವಿತ್ತು. ತೊಟ್ಟು ಮುರಿದರೆ ಸೊನೆಯ ಪರಿಮಳ ಕೈಯಲ್ಲೇ ಉಳಿಯುತ್ತಿತ್ತು. ಟೊಂಗೆಸಹಿತ ಕಡಿದೊಯ್ಯುವ ವ್ಯಾಪಾರಿಗಳಿಗೆ ಅವರು ಮರವನ್ನು ಎಂದೂ ಗುತ್ತಿಗೆ ಕೊಡಲಿಲ್ಲ. ಮಿಡಿಗೆ ಪೆಟ್ಟಾಗದಂತೆ ತೊಟ್ಟಿನೊಡನೆ ಕೊಯ್ಸಿ, ನೆರೆಮನೆಗಳಿಗೆ ಹಂಚಿ, ಉಳಿದದ್ದನ್ನು ತಮ್ಮ ಭರಣಿಗೆ ಹಾಕುತ್ತಿದ್ದರು.

ಬೀಜದಿಂದ ಹುಟ್ಟಿದ ಗಿಡಕ್ಕೆ ತಾಯಿಮರದ ಗುಣವೇ ಬರುವ ಖಾತ್ರಿಯಿಲ್ಲ, ಕಸಿ ಕಟ್ಟಲೇಬೇಕು. ಕಸಿಕಡ್ಡಿ ಕೇಳಿ ಬಂದವರಿಗೆಲ್ಲ ಅವರು ಕಡ್ಡಿಯ ಜೊತೆಗೆ ಊಟವನ್ನೂ ಕೊಡುತ್ತಿದ್ದರು. ಹೀಗೆ ಹಂಚಿದರೆ ತಳಿಗೆ ಬೆಲೆಯೆಲ್ಲಿ ಉಳಿಯುತ್ತದೆಂದು ನಾನೊಮ್ಮೆ ಆಕ್ಷೇಪಿಸಿದೆ. (ಆಗಷ್ಟೇ ಡಾಕ್ಟರೇಟ್ ಬಂದಿತ್ತು, ದೊಡ್ಡವರಿಗೆ ಬುದ್ಧಿ ಹೇಳುವ ಹಕ್ಕೂ ಜೊತೆಗೇ ಬಂದಿದೆಯೆಂದು ತಿಳಿದಿದ್ದೆ!) “ಒಂದೇ ಕಡೆ ಇದ್ರೆ ಒಂದೇ ಗಾಳಿಗೆ ಹೋಗ್ತು, ತಮಾ” ಎಂದು ಅವರು ಕವಳ ಹಾಕಿಕೊಂಡರು.

2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಹೊಳೆ ದಂಡೆಯನ್ನು ಕೊರೆದು ಮರವನ್ನು ಕೆಡವಿತು. ನನ್ನ ಕಡತದಲ್ಲಿ ಅದರ ಎಲೆಯ ಅಳತೆಯಿತ್ತು, ಮಿಡಿಯ ತೂಕವಿತ್ತು; ಗಿಡವಿರಲಿಲ್ಲ. ಸುದ್ದಿ ತಿಳಿದು, ಹಿಂದೊಮ್ಮೆ ಕಡ್ಡಿ ಒಯ್ದಿದ್ದ ಪಕ್ಕದೂರಿನ ಒಬ್ಬರು ಎರಡು ಕಸಿಗಿಡ ತಂದುಕೊಟ್ಟರು. ದೊಡ್ಡಪ್ಪನಿಗೆ ಅವರ ಹೆಸರೂ ನೆನಪಿರಲಿಲ್ಲ.

ಅವನ್ನು ಹೊಳೆಯಿಂದ ಮೇಲೆ, ಗುಡ್ಡದ ಬದಿಗೆ ನೆಟ್ಟಿದ್ದೇವೆ. ಕಡ್ಡಿ ಬೇಕಾದವರು ಬನ್ನಿ. ಊಟಕ್ಕೆ ಮಾತ್ರ ಮೊದಲೇ ತಿಳಿಸಿ. ದೊಡ್ಡಮ್ಮನಿಗೆ ಈಗ ಕೈಲಾಗುವುದಿಲ್ಲ, ಅಡುಗೆ ನನ್ನದು.