ನಾಟಿಗೆ ಆಳು ಸಿಕ್ಕಿದರೆ ಸಾಲದು
(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಭತ್ತದ ಬೇಸಾಯದಲ್ಲಿ ಹೆಚ್ಚು ಜನ ಒಂದೇ ದಿನ, ಒಂದೇ ಕೆಸರಿನಲ್ಲಿ ಕೂಡಿ ದುಡಿಯುವ ಕೆಲಸವೆಂದರೆ ನಾಟಿ. ಎಕರೆಗೆ ಸಾಮಾನ್ಯವಾಗಿ ಹತ್ತು ಹನ್ನೆರಡು ಆಳು ಬೇಕು. ಈಗ ನಾಟಿ ಯಂತ್ರಗಳು ಬಂದಿದ್ದರೂ ಸಣ್ಣ ತಾಕುಗಳಲ್ಲಿ, ಕಾಲು ಹೂಳುವ ಗದ್ದೆಗಳಲ್ಲಿ ಕೈನಾಟಿಯೇ ನಡೆದಿದೆ. ಆಳು ಸಿಕ್ಕಿದರೆ ಸಾಕೆಂಬ ಅವಸರದಲ್ಲಿ, ಸಿಕ್ಕಿದವರು ಹೊಂದಿಕೊಂಡು ದುಡಿಯುವ ಏರ್ಪಾಡು ಇದೆಯೇ ಎಂದು ನೋಡುವವರು ಕಡಿಮೆ.

ಸಾಲಿನಿಂದ ಸಾಲಿಗೆ 20 ಸೆಂ.ಮೀ., ಗುಣಿಯಿಂದ ಗುಣಿಗೆ 10 ಸೆಂ.ಮೀ. ಅಂತರವಿಟ್ಟರೆ ಚದರ ಮೀಟರಿಗೆ 50 ಗುಣಿ, ಎಕರೆಗೆ ಸುಮಾರು 2 ಲಕ್ಷ ಗುಣಿ ಆಗುತ್ತವೆ. ಕೈ ಅವಸರಪಟ್ಟು ಅದು 35ಕ್ಕೆ ಇಳಿದರೆ ಎಕರೆಗೆ 60 ಸಾವಿರ ಗುಣಿ ಹೋದಂತೆ. ಇಲ್ಲದ ಗುಣಿ ಎಷ್ಟು ಗೊಬ್ಬರ ಹಾಕಿದರೂ ತೆಂಡೆಯೊಡೆಯುವುದಿಲ್ಲ.

ನಾಟಿಯ ತಪ್ಪು ನೆಡುವವರ ಕೈಯಲ್ಲೇ ಹುಟ್ಟುತ್ತದೆಂದು ತಿಳಿಯಬಾರದು. ಸಸಿ ಕೀಳುವವರು ಬೇರಿನ ಮಣ್ಣನ್ನು ಚೆನ್ನಾಗಿ ತೊಳೆಯದಿದ್ದರೆ ಸಸಿಗಳು ಅಂಟಿಕೊಂಡು ಬರುತ್ತವೆ. ಆಗ ಗುಣಿಗೆ ಎರಡು ಮೂರು ಸಸಿ ಇಡಬೇಕಾದವಳು ಐದಾರನ್ನು ಊರುತ್ತಾಳೆ. ಕಟ್ಟು ಹೊರುವವನು ನೆಡುವವರ ಹಿಂದೆ, ಅವರು ಹಿಂದೆ ಸರಿಯುವ ಜಾಗದಲ್ಲಿ, ಮೊದಲೇ ಕಟ್ಟುಗಳನ್ನು ಎಸೆದಿರಬೇಕು. ಅವನೊಬ್ಬ ತಡಮಾಡಿದರೆ ಸಾಲಿಗೆ ಸಾಲೇ ನಿಲ್ಲುತ್ತದೆ. ಗದ್ದೆಗೆ ಸರಿಯಾಗಿ ಹಲಗೆ ಹೊಡೆಯದೆ ತಗ್ಗಿನಲ್ಲಿ ನೀರು ನಿಂತಿದ್ದರೆ ಸಸಿ ತೇಲುತ್ತದೆ. ಈ ಕೊನೆಯ ತಪ್ಪು ಜಮೀನಿನ ಯಜಮಾನನದು. ಬೈಗುಳ ಮಾತ್ರ ಹೆಣ್ಣಾಳುಗಳಿಗೆ!

ಹಗ್ಗ ಹಿಡಿದು ನೆಡುವಾಗ ಎಲ್ಲರಿಗೂ ಸಮನಾಗಿ ಜಾಗ ಹಂಚುವುದು ರೂಢಿ. ನ್ಯಾಯವಾಗಿ ಕಂಡರೂ ಇದು ಕೆಲಸ ಕೆಡಿಸುತ್ತದೆ. ಚುರುಕು ಕೈಯವಳು ಮುಗಿಸಿ ಕಾಯುತ್ತಾಳೆ. ಹೊಸಬಳು ಹಗ್ಗ ಎತ್ತಿಬಿಡುತ್ತಾರೆಂಬ ಗಾಬರಿಯಲ್ಲಿ ಎರಡು ಗುರುತಿಗೆ ಒಂದು ಗುಣಿ ಊರುತ್ತಾಳೆ. ಹೊಸಬಳನ್ನು ಇಬ್ಬರು ನುರಿತವರ ನಡುವೆ ನಿಲ್ಲಿಸಿ, ಅವಳ ಪಾಲಿನಿಂದ ಎರಡು ಗುರುತನ್ನು ಅಕ್ಕಪಕ್ಕದವರಿಗೆ ಕೊಟ್ಟರೆ ಸಾಲು ಒಟ್ಟಿಗೆ ಮುಗಿಯುತ್ತದೆ. ಇದನ್ನು ಯಜಮಾನ ಬದುವಿನ ಮೇಲೆ ನಿಂತು ಹೇಳುವುದಕ್ಕಿಂತ ತಂಡದ ಹಿರಿಯಳೇ ನಿರ್ಧರಿಸುವುದು ಮೇಲು. ಯಾರ ಕೈ ಎಷ್ಟು ಓಡುತ್ತದೆ, ಯಾರಿಗೆ ಸೊಂಟ ನೋವು, ಯಾರಿಗೆ ಕೈಗೂಸಿದೆ ಎಂಬುದು ಅವಳಿಗೆ ಗೊತ್ತು. ಆದರೆ ಅವಳೂ ಸಾಲಿನಲ್ಲಿ ಬಗ್ಗಿ ನೆಡುವವಳಾಗಿರಬೇಕು. ಕಮಿಷನ್ ಎಣಿಸುತ್ತ ಕೊಡೆ ಹಿಡಿದು ನಿಂತ ಮೇಸ್ತ್ರಿಯ ಮಾತಿಗೆ ಕೆಸರಿನಲ್ಲಿ ಬೆಲೆ ಕಡಿಮೆ.

ಕೂಲಿಯ ವಿಷಯ. ಎಕರೆ ಗುತ್ತಿಗೆಯಲ್ಲಿ ಗುಣಿ ತೆಳ್ಳಗಾಗುತ್ತದೆ, ದಿನಗೂಲಿಯಲ್ಲಿ ಕೆಲಸ ಎಳೆಯುತ್ತದೆ ಎಂಬ ದೂರು ಹಳೆಯದು. ಗುತ್ತಿಗೆಯನ್ನೇ ದೂರಿ ಫಲವಿಲ್ಲ; ಮಾತಾಡುವಾಗ ದರದ ಜೊತೆಗೆ ಗುಣಿಯ ಲೆಕ್ಕವನ್ನೂ ಸೇರಿಸಬೇಕು. ಬಿದಿರಿನ ಸೀಳಿನಿಂದ ಒಂದು ಮೀಟರ್ ಉದ್ದಗಲದ ಚೌಕಟ್ಟು ಮಾಡಿಕೊಂಡು, ಮೊದಲ ತಾಕಿನ ನಾಲ್ಕೈದು ಕಡೆ ಇಟ್ಟು, ಯಜಮಾನನೂ ತಂಡದ ಹಿರಿಯಳೂ ಕೂಡಿ ಎಣಿಸಬೇಕು. ಎಣಿಕೆ ಮೊದಲ ಗಂಟೆಯಲ್ಲೇ ಆಗಬೇಕು. ಆಗ ಕಡಿಮೆ ಕಂಡರೆ ಕೈ ತಿದ್ದಿಕೊಳ್ಳಬಹುದು. ಸಂಜೆ ಎಣಿಸಿದರೆ ಜಗಳವಷ್ಟೇ ಉಳಿಯುತ್ತದೆ.

ಒಂದೇ ಬಗೆಯ ಕೆಲಸಕ್ಕೆ ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ ಎಂಬ ಕಾಯ್ದೆ 1976ರಲ್ಲೇ ಬಂದಿತು. ಸಸಿ ಕೀಳುವ ಗಂಡಾಳಿಗೆ ಹೆಚ್ಚು, ಪಕ್ಕದಲ್ಲೇ ಕೀಳುವ ಹೆಣ್ಣಾಳಿಗೆ ಕಡಿಮೆ ಕೊಡುವ ಕಡೆ ತಂಡ ಒಳಗೊಳಗೇ ಒಡೆದಿರುತ್ತದೆ. ಸಂಜೆಗೇ ಕೂಲಿ ಬಟವಾಡೆ, ಮಧ್ಯಾಹ್ನದ ಊಟಕ್ಕೆ ನೆರಳು, ಕುಡಿಯಲು ಶುದ್ಧ ನೀರು, ಇಷ್ಟು ಸಿಕ್ಕ ಗದ್ದೆಗೆ ಅದೇ ತಂಡ ಮುಂದಿನ ವರ್ಷವೂ ಬರುತ್ತದೆ. ಮುಯ್ಯಾಳಿನ ರೂಢಿಯಿರುವ ಊರುಗಳಲ್ಲಿ ಯಾರ ಗದ್ದೆ ಮೊದಲು ಎಂಬುದನ್ನು ಒಟ್ಲು ಹಾಕುವಾಗಲೇ ತೀರ್ಮಾನಿಸಿ, ಅದೇ ಸರದಿಯಲ್ಲಿ ಬೀಜ ಚೆಲ್ಲಬೇಕು. ಎಲ್ಲರೂ ಒಂದೇ ದಿನ ಚೆಲ್ಲಿದರೆ ಸರದಿಯ ಕೊನೆಯವನ ಪಾಲಿಗೆ ಬಲಿತ ಸಸಿಯೇ ಗತಿ.

ನಾಟಿಯ ದಿನ ಸಸಿಯನ್ನೆಲ್ಲ ಮುಗಿಸದೆ ಗದ್ದೆಯ ಮೂಲೆಯಲ್ಲಿ ಕೆಲವು ಕಟ್ಟು ಊರಿಡಿಸಿರಿ. ಏಳರಿಂದ ಹತ್ತು ದಿನದೊಳಗೆ ಸತ್ತ ಗುಣಿಗಳನ್ನು ತುಂಬಲು ಅವು ಬೇಕಾಗುತ್ತವೆ. ಆ ಅರ್ಧ ದಿನದ ಕೆಲಸಕ್ಕೆ ಯಾರು ಬರುತ್ತಾರೆ, ಕೂಲಿ ಎಷ್ಟು ಎಂಬುದನ್ನೂ ಗುತ್ತಿಗೆ ಮಾತಾಡುವ ದಿನವೇ ಹೇಳಿಕೊಂಡಿರಬೇಕು.