ಜೀಪಿನ ಕೀಲೆಣ್ಣೆ



ನಮ್ಮ ಹಳ್ಳಿಗಳ ಎತ್ತಿನ ಗಾಡಿಯ ಅಡಿಯಲ್ಲಿ ಒಂದು ಬಿದಿರಿನ ಗೊಟ್ಟ ತೂಗಾಡುತ್ತಿದ್ದುದನ್ನು ನಿಮ್ಮಲ್ಲಿ ಹಿರಿಯರಾದವರು ಕಂಡಿರಬಹುದು. ಅದರೊಳಗಿರುತ್ತಿದ್ದುದು ಕೀಲೆಣ್ಣೆ. ದೂರದ ಸಂತೆಗೆ ಹೊರಡುವ ಗಾಡಿಯವನು ಅಚ್ಚಿಗೆ ಎಣ್ಣೆ ಸವರದೆ ಎತ್ತುಗಳ ಕೊರಳನ್ನು ನೊಗಕ್ಕೆ ಕೊಡುತ್ತಿರಲಿಲ್ಲ. ಒಂದು ವೇಳೆ ಮರೆತನೆನ್ನಿ, ಚಕ್ರವೇ ಕಿರ್ರೆಂದು ಕೂಗಿ ಅವನ ಮರೆವನ್ನು ಊರಿಗೆಲ್ಲ ಸಾರುತ್ತಿತ್ತು. ಮೋಟಾರು ಬಂಡಿ ಬಂದ ಮೇಲೆ ಈ ಎಣ್ಣೆ ಉಕ್ಕಿನ ಗೂಡುಗಳೊಳಗೆ ಅಡಗಿತು. ಕಣ್ಣಿಗೆ ಮರೆಯಾದುದು ಮನಸ್ಸಿಗೂ ಮರೆಯಾಯಿತು. ಈ ಹೊತ್ತು ಆ ಅಡಗಿದ ಎಣ್ಣೆಯ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಪಾಠ ಹೇಳುವ ವೃತ್ತಿಯವರಾದ ನಮಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ನೀವು ಕೇಳಬಹುದು. ತಪ್ಪು ಮಾಡಿದವನಿಗೆ ಇರುವಷ್ಟು ಅಧಿಕಾರ ನಮಗೂ ಉಂಟು. ಆ ತಪ್ಪನ್ನೇ ಮೊದಲು ಒಪ್ಪಿಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದೆ, ಮುಂಗಾರಿನ ಮೊದಲ ವಾರದಲ್ಲಿ, ಚಿಕ್ಕಮಗಳೂರಿನ ಕಡೆ ಕಾಫಿ ತೋಟವಿರುವ ಮಿತ್ರರೊಬ್ಬರ ಮನೆಗೆ ಹೋಗಿದ್ದೆವು. ಅವರ ಹಳೆಯ ಜೀಪಿನಲ್ಲಿ ಬೆಟ್ಟವನ್ನೆಲ್ಲ ಸುತ್ತಿ ಇಳಿಯುವಾಗ ದಾರಿಗೆ ಅಡ್ಡಲಾಗಿ ಹಳ್ಳವೊಂದು ಹರಿಯುತ್ತಿತ್ತು. ಜೀಪನ್ನು ಹಳ್ಳದ ನಡುವೆ ನಿಲ್ಲಿಸಿದರೆ ಒಳ್ಳೆಯ ಛಾಯಾಚಿತ್ರವಾದೀತೆಂದು ನಮಗೆ ತೋರಿತು. ವಯಸ್ಸಾದ ಚಾಲಕ, "ಬೇಡಿ ಮೇಷ್ಟ್ರೇ, ಗಾಡಿ ಕಾದಿದೆ" ಎಂದ. ಎಂಜಿನ್ನಿನ ಮಾತನ್ನು ಹೇಳುತ್ತಿದ್ದಾನೆಂದು ತಿಳಿದು ನಾವು ನಕ್ಕೆವು. ಅಚ್ಚು ಮುಳುಗುವಷ್ಟು ನೀರಿನಲ್ಲಿ ಜೀಪು ಕಾಲು ಗಂಟೆ ನಿಂತಿತು. ಚಿತ್ರ ಸೊಗಸಾಗಿ ಬಂದಿತು.

ಅಂದು ಆ ಮುದುಕನ ಮಾತಿನ ಅರ್ಥವೇನೆಂಬುದನ್ನು ತಿಳಿಯಬೇಕಾದರೆ ಜೀಪಿನ ರಚನೆಯನ್ನು ಕೊಂಚ ನೋಡಬೇಕು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೆರಿಕದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು 1941ರಿಂದ 1945ರ ವರೆಗೆ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ಕಟ್ಟಿದುವು. ಇಂದಿನ ಎಷ್ಟೋ ಕಾಡುದಾರಿಯ ಬಂಡಿಗಳಿಗೆ ಅದೇ ಮೂಲ ಮಾದರಿ. ಎಂಜಿನ್ನಿನ ಶಕ್ತಿಯು ಮೊದಲು ಗೇರ್ ಬಾಕ್ಸಿಗೆ ಬರುವುದು. ಅಲ್ಲಿಂದ ಟ್ರಾನ್ಸ್‌ಫರ್ ಕೇಸ್ ಎಂಬ ಎರಡನೆಯ ಪೆಟ್ಟಿಗೆಗೆ ಇಳಿದು, ಮುಂದಕ್ಕೂ ಹಿಂದಕ್ಕೂ ಎರಡು ಕವಲಾಗಿ ಒಡೆಯುವುದು. ಒಂದೊಂದು ಕವಲೂ ಉದ್ದನೆಯ ದಂಡದ ಮೂಲಕ ಒಂದೊಂದು ಆಕ್ಸಲಿನ ನಡುವಿರುವ ಡಿಫರೆನ್ಷಿಯಲ್ ಎಂಬ ಗುಂಡನೆಯ ಗೂಡನ್ನು ಸೇರುವುದು. ಹೀಗೆ ನಾಲ್ಕು ಗೂಡುಗಳು, ನಾಲ್ಕರಲ್ಲಿಯೂ ಹಲ್ಲುಚಕ್ರಗಳು, ನಾಲ್ಕಕ್ಕೂ ಬೇರೆ ಬೇರೆ ಎಣ್ಣೆ. ಯುದ್ಧಕಾಲದ ಜೀಪಿನಲ್ಲಿ ಗೇರ್ ಬಾಕ್ಸಿಗೆ ಮುಕ್ಕಾಲು ಲೀಟರು, ಟ್ರಾನ್ಸ್‌ಫರ್ ಕೇಸಿಗೆ ಸುಮಾರು ಒಂದೂವರೆ ಲೀಟರು, ಒಂದೊಂದು ಡಿಫರೆನ್ಷಿಯಲಿಗೆ ಲೀಟರಿಗಿಂತ ತುಸು ಹೆಚ್ಚು. ಎಲ್ಲ ಕೂಡಿದರೂ ಐದು ಲೀಟರನ್ನು ಮೀರದು. ಒಂದು ಟನ್ನಿಗೂ ಮಿಕ್ಕ ಭಾರವನ್ನು ಬೆಟ್ಟಕ್ಕೆ ಏರಿಸುವ ಹಲ್ಲುಗಳೆಲ್ಲ ಇಷ್ಟು ಎಣ್ಣೆಯನ್ನು ನಂಬಿಕೊಂಡಿವೆ.

ಹಲ್ಲುಗಳು ಒಂದನ್ನೊಂದು ಒತ್ತಿ ತಿರುಗುವಾಗ ಎಣ್ಣೆ ಕಾಯುವುದು, ಗೂಡಿನೊಳಗಿನ ಗಾಳಿಯೂ ಕಾದು ಹಿಗ್ಗುವುದು. ಹಿಗ್ಗಿದ ಗಾಳಿ ಹೊರಹೋಗಲೆಂದು ಮೇಲೆ ಬ್ರೀದರ್ ಎಂಬ ಸಣ್ಣ ಉಸಿರುಗಂಡಿಯನ್ನು ಇಟ್ಟಿರುತ್ತಾರೆ. ಕಾದ ಗೂಡು ತಣ್ಣೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಥಟ್ಟನೆ ಕುಗ್ಗಿ ಹೊರಗಿನಿಂದ ಏನನ್ನಾದರೂ ಸೆಳೆದುಕೊಳ್ಳಬೇಕು. ಉಸಿರುಗಂಡಿಯೂ ನೀರಿನಲ್ಲಿದ್ದರೆ, ಇಲ್ಲವೆ ಕೆಸರು ಮೆತ್ತಿ ಕಟ್ಟಿದ್ದರೆ, ಸವೆದ ಸೀಲಿನ ಸಂದಿನಿಂದ ಒಳಗೆ ಬರುವುದು ನೀರೇ. "ಗಾಡಿ ಕಾದಿದೆ" ಎಂದ ಚಾಲಕನಿಗೆ ಇಷ್ಟೂ ತಿಳಿದಿತ್ತು. ವಿಜ್ಞಾನದ ಪುಸ್ತಕಗಳನ್ನು ಓದಿದ ನಮಗೆ ತಿಳಿದಿರಲಿಲ್ಲ.

ಆ ನೀರು ಏಳು ತಿಂಗಳು ಹಿಂದಿನ ಡಿಫರೆನ್ಷಿಯಲಿನಲ್ಲಿಯೇ ಇದ್ದಿತು. ಚಾಲಕನು ಕಾಯಿಲೆಬಿದ್ದು ತನ್ನ ಊರಿಗೆ ಹೋಗಿದ್ದ. ಬೇರೆ ಯಾರೂ ಬಿರಡೆ ಬಿಚ್ಚಿ ನೋಡಲಿಲ್ಲ. ಮೆಣಸು ಕೊಯ್ಯುವ ಕಾಲದಲ್ಲಿ ತೋಟದ ಆಳೊಬ್ಬ ಏಣಿಯಿಂದ ಜಾರಿ ತೊಡೆಯ ಮೂಳೆ ಮುರಿದುಕೊಂಡನು. ಅವನನ್ನು ಜೀಪಿನಲ್ಲಿ ಮಲಗಿಸಿ ಆಸ್ಪತ್ರೆಗೆ ಹೊರಟರು. ಅರ್ಧ ದಾರಿಯಲ್ಲಿ ಹಿಂದಿನ ಅಚ್ಚು ಗೊರಗೊರ ಸದ್ದು ಮಾಡಿ, ಚಕ್ರಗಳು ಬಿಗಿದು, ಬಂಡಿ ನಿಂತುಬಿಟ್ಟಿತು. ಮುಂದಿನ ಎರಡು ಮೈಲಿಯನ್ನು ನಾಲ್ಕು ಜನ ಕಂಬಳಿಯ ಡೋಲಿಯಲ್ಲಿ ಅವನನ್ನು ಹೊತ್ತು ನಡೆದರು. ಗೂಡನ್ನು ಬಿಚ್ಚಿಸಿದಾಗ ಬೇರಿಂಗು ತುಕ್ಕು ಹಿಡಿದು ಪುಡಿಯಾಗಿತ್ತು. ಆಸರೆ ತಪ್ಪಿದ ಹಲ್ಲುಚಕ್ರ ಪಕ್ಕಕ್ಕೆ ಸರಿದು ಹಲ್ಲು ಮುರಿದುಕೊಂಡಿತ್ತು. ಅಷ್ಟರಲ್ಲಿ ಊರಿನಿಂದ ಮರಳಿದ್ದ ಚಾಲಕನು ಅದರ ಎಣ್ಣೆಯನ್ನು ಒಂದು ಬಟ್ಟಲಿನಲ್ಲಿ ಹಿಡಿದು ನಮಗೆ ತೋರಿಸಿದ. "ನೋಡಿ ಮೇಷ್ಟ್ರೇ, ಇದು ಎಣ್ಣೆಯಲ್ಲ, ಮಜ್ಜಿಗೆ" ಎಂದ. ಹಳ್ಳದ ಮಾತನ್ನು ಅವನು ಎತ್ತಲಿಲ್ಲ. ಎತ್ತಿದ್ದರೆ ನಮಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಇನ್ನು ನೋಡತಕ್ಕ ಬಗೆಯನ್ನು ಹೇಳುತ್ತೇವೆ. ಇದಕ್ಕೆ ಅರ್ಧ ಗಂಟೆ ಸಾಕು. ಬಂಡಿಯನ್ನು ಸಮನೆಲದಲ್ಲಿ ನಿಲ್ಲಿಸಬೇಕು. ಇಳಿಜಾರಿನಲ್ಲಿ ಎಣ್ಣೆಯ ಮಟ್ಟ ಸುಳ್ಳು ಹೇಳುವುದು. ಕೈಬ್ರೇಕು ಹಾಕಿ, ಚಕ್ರಗಳಿಗೆ ಕಲ್ಲು ಕೊಡಬೇಕು. ಬರಿಯ ಜಾಕಿನ ಮೇಲೆ ನಿಂತ ಬಂಡಿಯ ಕೆಳಗೆ ಎಂದಿಗೂ ನುಸುಳಬಾರದು. ಓಡಿಬಂದ ಕೂಡಲೆ ನೋಡಿದರೆ ಎಣ್ಣೆ ಇನ್ನೂ ಹಲ್ಲುಗಳಿಗೂ ಗೋಡೆಗೂ ಅಂಟಿಕೊಂಡಿರುವುದು. ಹತ್ತು ನಿಮಿಷ ತಾಳಿದರೆ ಅದು ಕೆಳಗಿಳಿಯುವುದು. ಒಂದೊಂದು ಗೂಡಿನ ಪಕ್ಕದಲ್ಲಿಯೂ ತುಂಬುವ ಬಿರಡೆ ಇರುತ್ತದೆ. ಅದರ ಸುತ್ತಣ ಮಣ್ಣನ್ನು ಒರಸಿ ಬಿಚ್ಚಿ, ಕಿರುಬೆರಳನ್ನು ರಂಧ್ರದೊಳಗೆ ಬಾಗಿಸಿ ನೋಡಬೇಕು. ಸಾಮಾನ್ಯವಾಗಿ ಎಣ್ಣೆ ರಂಧ್ರದ ಕೆಳ ಅಂಚಿಗೆ ಸರಿಯಾಗಿರಬೇಕು. ತಗ್ಗಿದ್ದರೆ ಪಿಚಕಾರಿಯಂಥ ಪಂಪಿನಿಂದ, ಅಂಚಿನಲ್ಲಿ ಎಣ್ಣೆ ಜಿನುಗುವವರೆಗೆ ಮೆಲ್ಲನೆ ತುಂಬಬೇಕು. ಹೆಚ್ಚಾದರೆ ಒಳ್ಳೆಯದೆಂಬ ಭ್ರಮೆ ಬೇಡ. ಮಿತಿಮೀರಿದ ಎಣ್ಣೆ ನೊರೆಯೇಳುವುದು, ಸೀಲನ್ನು ದಾಟಿ ಬ್ರೇಕಿನ ಮೇಲೂ ಹರಿದೀತು.

ಬೆರಳಿಗೆ ಬಂದ ಎಣ್ಣೆಯನ್ನು ಒರಸಿಬಿಡುವ ಮುನ್ನ ಬೆಳಕಿಗೆ ಹಿಡಿದು ನೋಡಿ. ಬರಿಯ ಕಪ್ಪಾಗಿದ್ದರೆ ಹಳೆಯದಾಗಿದೆ. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಆ ದಿನವೇ ಬದಲಾಯಿಸಬೇಕು. ಬಿರಡೆಯ ಆಯಸ್ಕಾಂತಕ್ಕೆ ನುಣುಪಾದ ಬೂದುಬಣ್ಣದ ಸರಿ ಅಂಟಿದ್ದರೆ ಅದು ಸಹಜವಾದ ಸವೆತ. ಚೂರುಗಳು ಕೈಗೆ ಚುಚ್ಚಿದರೆ ಒಳಗೆ ಯಾವುದೋ ಒಡೆದಿದೆ. ಅಕ್ಕಪಕ್ಕದ ಎರಡು ಪೆಟ್ಟಿಗೆಗಳಲ್ಲಿ ಒಂದು ತಗ್ಗಿ ಇನ್ನೊಂದು ಏರಿದ್ದರೆ, ನಡುವಣ ಸೀಲು ಸೋತಿದೆಯೆಂದು ತಿಳಿಯಬೇಕು.

ಎಣ್ಣೆಯನ್ನು ಬದಲಾಯಿಸುವಾಗ ಒಂದು ನಿಯಮವನ್ನು ಮರೆಯಬಾರದು. ಮೊದಲು ಮೇಲಿನ ಬಿರಡೆ, ಆಮೇಲೆ ಕೆಳಗಿನದು. ಕೆಳಗಿನದನ್ನು ತೆಗೆದು ಎಣ್ಣೆಯೆಲ್ಲ ಸುರಿದುಹೋದ ಮೇಲೆ ಮೇಲಿನದು ತುಕ್ಕು ಹಿಡಿದು ಬಾರದೆಂದು ತಿಳಿದರೆ, ಬಂಡಿ ಅಲ್ಲಿಯೇ ಉಳಿದಂತೆ. ಸೋಸಿ ತೆಗೆದ ಹಳೆಯ ಎಣ್ಣೆಯನ್ನು ಹಳ್ಳಕ್ಕೂ ಗಿಡದ ಬುಡಕ್ಕೂ ಚೆಲ್ಲದೆ ಡಬ್ಬಿಯಲ್ಲಿ ತುಂಬಿ ವರ್ಕ್‌ಷಾಪಿಗೆ ಒಪ್ಪಿಸುವುದು ಸರಿ.

ಯಾವ ಎಣ್ಣೆಯೆಂಬುದಕ್ಕೆ ಬಂಡಿಯ ಕೈಪಿಡಿಯೇ ಪ್ರಮಾಣ. ಹಳೆಯ ಜೀಪುಗಳಿಗೆ 90ನೆಯ ಸಂಖ್ಯೆಯ ಮಂದವಾದ ಗೇರ್ ಆಯಿಲ್ ವಾಡಿಕೆ. ಡಬ್ಬಿಯ ಮೇಲೆ ಜಿ.ಎಲ್. 4, ಜಿ.ಎಲ್. 5 ಎಂಬ ಗುರುತುಗಳಿರುತ್ತವೆ. ಐದು ನಾಲ್ಕಕ್ಕಿಂತ ದೊಡ್ಡದು, ಆದುದರಿಂದ ಮೇಲಾದುದು ಎಂಬ ಲೆಕ್ಕ ಇಲ್ಲಿ ಸಲ್ಲದು. ಜಿ.ಎಲ್. 5ರಲ್ಲಿ ಗಂಧಕ ಮತ್ತು ರಂಜಕಗಳ ಸಂಯುಕ್ತಗಳು ಹೆಚ್ಚು. ಭಾರಿ ಒತ್ತಡದ ಡಿಫರೆನ್ಷಿಯಲಿಗೆ ಅದು ಹಿತ; ಆದರೆ ಕೆಲವು ಗೇರ್ ಬಾಕ್ಸುಗಳೊಳಗಿನ ಹಿತ್ತಾಳೆಯ ಬಳೆಗಳನ್ನು ಅದೇ ತಿನ್ನಬಲ್ಲುದು. ಸ್ವಯಂಚಾಲಿತ ಗೇರ್ ಬಾಕ್ಸಿನ ದ್ರವವಂತೂ ಬೇರೆಯೇ ಜಾತಿ. ಅನೇಕ ಬಂಡಿಗಳಲ್ಲಿ ಅದನ್ನು ಎಂಜಿನ್ ಓಡುತ್ತಿರುವಾಗಲೇ ಅಳೆಯಬೇಕು. ಆದುದರಿಂದ ಅಲ್ಲಿ ನಮ್ಮ ಬೆರಳಿನ ಪರೀಕ್ಷೆ ನಡೆಯದು.

ಕೊಡಚಾದ್ರಿಯ ದಾರಿಯಲ್ಲಿ ಯಾತ್ರಿಕರನ್ನು ಹೊತ್ತೇರುವ ಜೀಪನ್ನು ನೀವು ಹತ್ತುವಿರಿ. ರಜೆಯಲ್ಲಿ ನಿಮ್ಮದೇ ಬಂಡಿಯನ್ನು ಹಳ್ಳಕ್ಕೆ ಇಳಿಸಲೂ ಇಳಿಸುವಿರಿ. ಇಳಿಸಬೇಡಿರೆಂದು ನಾವು ಹೇಳುವುದಿಲ್ಲ. ಇಳಿಸುವ ಮುನ್ನ ಬಂಡಿ ಆರಲಿ. ದಾಟಿ ಮನೆಗೆ ಬಂದ ಮೇಲೆ ಬಿರಡೆ ಬಿಚ್ಚಿ ನೋಡಿರಿ. ಇಷ್ಟೇ ನಮ್ಮ ಬಿನ್ನಹ.

ಆ ಆಳು ಬದುಕಿದ್ದಾನೆ, ಮೂಳೆ ಕೂಡಿಕೊಂಡಿತು. ಈಚೆಗೆ ತೋಟಕ್ಕೆ ಹೋದಾಗ ಅವನು ಕೊಂಚ ಕುಂಟುತ್ತ ಬಂದು ನಮಗೆ ಕಾಫಿ ಕೊಟ್ಟನು. ಡೋಲಿಯ ದಾರಿಯಲ್ಲಿ ಎಷ್ಟು ನೋವಾಯಿತೆಂದು ಕೇಳುವ ಧೈರ್ಯ ನಮಗೆ ಬರಲಿಲ್ಲ. ಹಳ್ಳದ ಆ ಛಾಯಾಚಿತ್ರವನ್ನು ನಾವು ಹರಿದುಹಾಕಿಲ್ಲ. ಮೇಜಿನ ಖಾನೆಯಲ್ಲಿ ಒಂದು ಸ್ಪ್ಯಾನರಿನ ಜೊತೆಯಲ್ಲಿ ಇಟ್ಟುಕೊಂಡಿದ್ದೇವೆ.