ಕೇಕ್ ಅಂಗಡಿ: ಕೈಚಳಕದ ಜೊತೆಗೆ ಲೆಕ್ಕವೂ ಇರಲಿ

(ಸ್ವ-ಉದ್ಯೋಗ ಮಾಹಿತಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



"ಓದು ತಲೆಗೆ ಹತ್ತದವನಿಗೆ ಒಂದು ಅಂಗಡಿ ಹಾಕಿಕೊಟ್ಟರಾಯಿತು" ಎಂಬ ಮಾತು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಅದರಲ್ಲೂ ಕೇಕ್ ಅಂಗಡಿಯ ವಿಷಯದಲ್ಲಂತೂ ಖಂಡಿತ ಒಪ್ಪಲಾರೆ. ಶಾಲೆಯಲ್ಲಿ ಕಲಿತ ಗಣಿತವನ್ನೂ ವಿಜ್ಞಾನವನ್ನೂ ಪ್ರತಿದಿನ ಬಳಸಬೇಕಾದ ಕಸುಬು ಇದು. ಲೆಕ್ಕ ಬಾರದೆ ಅಂಗಡಿ ತೆರೆದರೆ ಮುಳುಗುವುದು ಯಾರ ದುಡ್ಡು? ತಾಯಿ ಬ್ಯಾಂಕಿನಲ್ಲಿ ಅಡವಿಟ್ಟ ಬಂಗಾರ, ತಂದೆ ಹೊರದೇಶದಲ್ಲಿ ದುಡಿದು ಕೂಡಿಟ್ಟ ಹಣ. ಆದ್ದರಿಂದ ಕೇಕಿಗೆ ಹೂ ಬಿಡಿಸುವುದು ಹೇಗೆ ಎನ್ನುವುದಕ್ಕಿಂತ, ಅಂಗಡಿ ಉಳಿಯುವುದು ಹೇಗೆ ಎಂಬುದರ ಬಗ್ಗೆಯೇ ಇಂದು ಮಾತನಾಡುತ್ತೇನೆ.

ಈ ಕಸುಬು ನಮ್ಮ ಭಾಗಕ್ಕೆ ಹೊಸದಲ್ಲ. ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಅವರು 1880ರಲ್ಲಿ ಬಿಸ್ಕತ್ತು ಕಾರ್ಖಾನೆ ತೆರೆದರು. 1883ರಲ್ಲಿ ಒಬ್ಬ ಆಂಗ್ಲ ತೋಟಗಾರರು ತಂದುಕೊಟ್ಟ ಕೇಕಿನ ರುಚಿ ನೋಡಿ, ಸ್ಥಳೀಯ ಸಾಮಗ್ರಿಗಳಿಂದಲೇ ಅವರು ಕ್ರಿಸ್‌ಮಸ್ ಕೇಕ್ ತಯಾರಿಸಿದರೆಂಬುದು ಪ್ರಸಿದ್ಧ. ಬೆಂಗಳೂರಿನಲ್ಲಿ ಹಾಸನ ಕಡೆಯಿಂದ ಬಂದ ಎಚ್. ಎಸ್. ತಿರುಮಲಾಚಾರ್ ಅವರು 1898ರಲ್ಲಿ ಬಿ.ಬಿ. ಬೇಕರಿ ಆರಂಭಿಸಿದರು. ಮುಂದೆ ಅಯ್ಯಂಗಾರ್ ಬೇಕರಿ ಎಂಬ ಹೆಸರು ರಾಜ್ಯದ ಊರೂರಿಗೆ ಹಬ್ಬಿತು. ಖಾರಾ ಬನ್, ದಿಲ್ ಪಸಂದ್, ಹನಿ ಕೇಕ್ ತಿನ್ನದವರು ನಮ್ಮಲ್ಲಿ ಯಾರಿದ್ದಾರೆ? ಹೊರಗಿನಿಂದ ಬಂದ ತಿನಿಸನ್ನು ನಮ್ಮ ಜನರ ನಾಲಿಗೆಗೂ ಜೇಬಿಗೂ ಒಗ್ಗುವಂತೆ ಮಾಡಿದ್ದೇ ಇವರ ಗೆಲುವು.

ಮೊದಲನೆಯದಾಗಿ, ಕಲಿಯದೆ ಬಂಡವಾಳ ಹಾಕಬೇಡಿ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಇಂದು ಜಿಲ್ಲೆ ಜಿಲ್ಲೆಗಳಲ್ಲಿ ಉಚಿತ ಸ್ವ-ಉದ್ಯೋಗ ತರಬೇತಿ ಕೇಂದ್ರಗಳಿವೆ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಬೇಕರಿ ತರಬೇತಿ ಘಟಕವಿದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ ಬೇಕಿಂಗ್ ತಂತ್ರಜ್ಞಾನಕ್ಕೆಂದೇ ಒಂದು ವಿಭಾಗವಿದೆ. ತರಬೇತಿ ಮುಗಿದ ಮೇಲೆ ಆರು ತಿಂಗಳಾದರೂ ಇನ್ನೊಬ್ಬರ ಬೇಕರಿಯಲ್ಲಿ ದುಡಿಯಿರಿ. ಮುಂಜಾನೆ ಎಷ್ಟು ಮಾಲು ಇಳಿಯುತ್ತದೆ, ರಾತ್ರಿ ಎಷ್ಟು ಉಳಿಯುತ್ತದೆ ಎಂಬುದು ಅಲ್ಲಿ ಮಾತ್ರ ಕಣ್ಣಿಗೆ ಬೀಳುತ್ತದೆ.

ಎರಡನೆಯದು ತೂಕ. ಬೆಣ್ಣೆ, ಸಕ್ಕರೆ, ಮೊಟ್ಟೆ, ಮೈದಾ ನಾಲ್ಕನ್ನೂ ಸಮತೂಕದಲ್ಲಿ ಹಾಕುವುದೇ ಪೌಂಡ್ ಕೇಕಿನ ಹಳೆಯ ಸೂತ್ರ. ಲೋಟದ ಅಳತೆಯಲ್ಲಿ ಇದು ಸರಿಬಾರದು. ಒತ್ತಿ ತುಂಬಿದ ಲೋಟದ ಮೈದಾಕ್ಕೂ ಸಡಿಲವಾಗಿ ತುಂಬಿದ ಲೋಟದ ಮೈದಾಕ್ಕೂ ತೂಕದಲ್ಲಿ ಬಹಳ ವ್ಯತ್ಯಾಸವಿದೆ. ಗ್ರಾಂ ತೋರಿಸುವ ತಕ್ಕಡಿ ಕೊಳ್ಳಿರಿ. ಪ್ರತಿಯೊಂದು ಕೇಕಿಗೂ ತೂಕ, ಒವನ್ನಿನ ಉಷ್ಣತೆ, ಬೇಯುವ ಸಮಯ ಬರೆದ ಒಂದು ಕಾರ್ಡ್ ಮಾಡಿ ಗೋಡೆಗೆ ಅಂಟಿಸಿರಿ. ಸಾಮಾನ್ಯ ಸ್ಪಾಂಜ್ ಕೇಕ್ 170ರಿಂದ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯುತ್ತದೆ. ಅರ್ಧ ಬೆಂದಾಗ ಬಾಗಿಲು ತೆರೆದರೆ ನಡುವೆ ಕುಸಿಯುತ್ತದೆ. ಮಾಸ್ಟರ್ ಹೇಳದೆ ಕೇಳದೆ ಕೆಲಸ ಬಿಟ್ಟುಹೋದ ದಿನ ಅಂಗಡಿಯನ್ನು ಕಾಪಾಡುವುದು ಆ ಕಾರ್ಡೇ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಖರ್ಚಿನ ಲೆಕ್ಕ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಕಿಲೋ ಕೇಕನ್ನು 600 ರೂಪಾಯಿಗೆ ಮಾರುತ್ತೀರಿ. ಸಾಮಗ್ರಿಗೆ 210, ಡಬ್ಬ ಮತ್ತು ಮೇಣದ ಬತ್ತಿಗೆ 35, ಗ್ಯಾಸ್ ಮತ್ತು ಕರೆಂಟಿಗೆ 25, ಕೂಲಿಗೆ 90, ಬಾಡಿಗೆಯ ಪಾಲು 80 ಎಂದಿಟ್ಟುಕೊಳ್ಳಿ. ಒಟ್ಟು 440. ಉಳಿಯುವುದು 160. ಹತ್ತು ಕೇಕ್ ಮಾಡಿ ಹತ್ತೂ ಮಾರಿದರೆ 1,600 ರೂಪಾಯಿ ಲಾಭ. ಎರಡು ಉಳಿದುಹೋದರೆ ಬರುವುದು 4,800, ಖರ್ಚಾದದ್ದು 4,400. ಲಾಭ ಬರೀ 400. ಮೂರು ಉಳಿದರೆ? ಬಂದದ್ದು 4,200. ಅಂದರೆ ಏಳು ಕೇಕ್ ಮಾರಿಯೂ 200 ರೂಪಾಯಿ ನಷ್ಟ! ಅಂಗಡಿ ತುಂಬ ಗಿರಾಕಿಗಳಿದ್ದರೂ ವರ್ಷದ ಕೊನೆಗೆ ಕೈ ಬರಿದಾಗುವ ಗುಟ್ಟು ಇಲ್ಲಿದೆ. ಆದ್ದರಿಂದ ಹುಟ್ಟುಹಬ್ಬದ ಕೇಕನ್ನು ಮುಂಗಡ ಪಡೆದು ಆರ್ಡರಿನ ಮೇಲೆಯೇ ಮಾಡಿರಿ. ಗಾಜಿನ ಪೆಟ್ಟಿಗೆಯಲ್ಲಿ ಕಡಿಮೆ ಇಡಿ. ಬನ್, ರಸ್ಕ್, ಬಿಸ್ಕತ್ತಿನಂತಹ ದಿನದ ಮಾರಾಟದಿಂದ ಬಾಡಿಗೆ ಹುಟ್ಟಲಿ. ರಂಜಾನಿನ ಸಂಜೆ, ಈದ್, ಕ್ರಿಸ್‌ಮಸ್, ಹೊಸ ವರ್ಷ, ಪರೀಕ್ಷೆಯ ಫಲಿತಾಂಶ, ಮದುವೆಯ ತಿಂಗಳು ಇವನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತಿಸಿ, ಅದಕ್ಕೆ ತಕ್ಕಂತೆ ಮಾಲು ತರಿಸಿರಿ.

ಉಳಿದ ಕೇಕನ್ನು ನಾಳೆ ಹೊಸದೆಂದು ಮಾರುವ ಆಸೆ ಎಲ್ಲರಿಗೂ ಬರುತ್ತದೆ. ಕ್ರೀಮ್ ಕೇಕ್ ಫ್ರಿಜ್ಜಿನ ಹೊರಗೆ ಬೇಗ ಕೆಡುವ ವಸ್ತು. ಅದನ್ನು ತಿನ್ನುವವರು ಹೆಚ್ಚಾಗಿ ಮಕ್ಕಳು. ಒಂದು ಮಗುವಿಗೆ ಹೊಟ್ಟೆ ಕೆಟ್ಟರೆ ಊರಿನಲ್ಲಿ ಆ ಅಂಗಡಿಯ ಕಥೆ ಮುಗಿದಂತೆ. ಬಣ್ಣದ ವಿಷಯವೂ ಹಾಗೆಯೇ. 2024ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ 235 ಕೇಕ್ ಮಾದರಿಗಳ ಪರೀಕ್ಷೆಯ ವಿವರ ಪ್ರಕಟಿಸಿತು. ಅವುಗಳಲ್ಲಿ 12 ಮಾದರಿಗಳು ಕೃತಕ ಬಣ್ಣದಿಂದಾಗಿ ಅಸುರಕ್ಷಿತವೆಂದು ಕಂಡುಬಂದವು. ರೆಡ್ ವೆಲ್ವೆಟ್, ಬ್ಲಾಕ್ ಫಾರೆಸ್ಟ್ ಹೆಸರುಗಳು ಪತ್ರಿಕೆಗಳಲ್ಲಿ ಬಂದವು. ಕಣ್ಣಳತೆಯಲ್ಲಿ ಬಣ್ಣ ಸುರಿಯುವುದನ್ನು ಬಿಡಿ. ಅನುಮತಿ ಇರುವ ಬಣ್ಣವನ್ನೇ, ತೂಕ ಮಾಡಿಯೇ ಹಾಕಿರಿ.

ಗಿರಾಕಿಗೆ ಸತ್ಯ ತಿಳಿಯುವ ಹಕ್ಕಿದೆ. ಮೊಟ್ಟೆ ಹಾಕಿದ ಕೇಕನ್ನು ಡಬ್ಬದಲ್ಲಿ ತುಂಬಿ ಮಾರುವಾಗ ಮಾಂಸಾಹಾರದ ಗುರುತು ಇರಬೇಕೆಂಬುದು ಕಾನೂನು. ಮೊಟ್ಟೆ ಇಲ್ಲದ್ದಕ್ಕೆ ಬೇರೆ ಪಾತ್ರೆ, ಬೇರೆ ಚಾಕು ಇಡಿ. ಜೆಲಾಟಿನ್ ಯಾವುದರಿಂದ ಬಂದದ್ದು, ಪ್ಲಮ್ ಕೇಕಿನ ಹಣ್ಣು ಯಾವುದರಲ್ಲಿ ನೆನೆದದ್ದು ಎಂದು ಕೇಳುವವರಿಗೂ ಅಳುಕಿಲ್ಲದೆ ಉತ್ತರಿಸುವಂತಿರಬೇಕು. ಎಫ್.ಎಸ್.ಎಸ್.ಎ.ಐ. ನೋಂದಣಿ ಇಲ್ಲವೇ ಪರವಾನಗಿ ಮನೆಯಲ್ಲಿ ಕೇಕ್ ಮಾಡಿ ಮಾರುವ ಅಕ್ಕತಂಗಿಯರಿಗೂ ಬೇಕು. ಅದರ 14 ಅಂಕಿಗಳ ಸಂಖ್ಯೆಯನ್ನು 2022ರಿಂದ ಬಿಲ್ಲಿನಲ್ಲೂ ನಮೂದಿಸಬೇಕಾಗಿದೆ.

ಇನ್ನು ಲೆಕ್ಕದ ಪುಸ್ತಕ. 2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರಿಗೆ ಯು.ಪಿ.ಐ. ವಹಿವಾಟಿನ ಆಧಾರದ ಮೇಲೆ ತೆರಿಗೆ ನೋಟಿಸುಗಳು ಬಂದದ್ದು ನಿಮಗೆ ನೆನಪಿರಬಹುದು. ಬ್ರೆಡ್ಡಿಗೆ, ಹಾಲಿಗೆ ತೆರಿಗೆ ಇಲ್ಲ, ಕೇಕಿಗೆ ಇದೆ. ಯಾವುದರಿಂದ ಎಷ್ಟು ಬಂತೆಂದು ಬರೆದಿಟ್ಟವರು ಉತ್ತರ ಕೊಡಬಲ್ಲವರಾಗಿದ್ದರು. ಬರೆದಿಡದವರು ಹೆದರಿ "ನಗದು ಮಾತ್ರ" ಎಂಬ ಚೀಟಿ ಅಂಟಿಸಿದರು. ಕೇಕಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ರಿಂದ 5ಕ್ಕೆ ಇಳಿಯಿತು. ದರ ಎಷ್ಟೇ ಇರಲಿ, ದಿನದ ಮಾರಾಟವನ್ನು ರಾತ್ರಿಯೇ ಬರೆಯಿರಿ. ಅಂಗಡಿಯ ಖಾತೆ ಬೇರೆ, ಮನೆಯ ಖಾತೆ ಬೇರೆ ಇರಲಿ. ಬೀಗರಾದರೂ ಸ್ನೇಹಿತರಾದರೂ ಉದ್ರಿಗೆ ಮಿತಿ ಇರಲಿ.

ಬಂಡವಾಳದ ಬಗ್ಗೆ ಎರಡು ಮಾತು. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ಸ್ವ-ಉದ್ಯೋಗದ ಯೋಜನೆಗಳಿವೆ, ವಿಚಾರಿಸಿರಿ. ಬಡ್ಡಿ ಬೇಡವೆನ್ನುವವರು ಪಾಲುದಾರಿಕೆ ಮಾಡಬಹುದು. ಆದರೆ ಅಣ್ಣತಮ್ಮಂದಿರ ನಡುವೆಯೂ ಕರಾರು ಪತ್ರ ಇರಲೇಬೇಕು. ಕೈಯಲ್ಲಿರುವ ಹಣವನ್ನೆಲ್ಲ ಮುಂಗಡಕ್ಕೂ ಬಣ್ಣದ ದೀಪಕ್ಕೂ ಸುರಿಯದೆ, ಆರು ತಿಂಗಳ ಬಾಡಿಗೆ ಮತ್ತು ಕೂಲಿಯನ್ನು ಪಕ್ಕಕ್ಕಿಟ್ಟು ಆರಂಭಿಸಿರಿ.

ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ಒಂದು ಕೆಲಸ ಮಾಡಿ. ಮನೆಯಲ್ಲಿ ಒಂದು ಕೇಕ್ ಮಾಡಿ, ಅದಕ್ಕೆ ತಗುಲಿದ ಪ್ರತಿ ಪೈಸೆಯನ್ನೂ, ನಿಮ್ಮ ದುಡಿಮೆಯ ಕೂಲಿಯನ್ನೂ ಸೇರಿಸಿ ಬರೆಯಿರಿ. ಆ ಹಾಳೆಯನ್ನು ಹಿಡಿದು ತಂದೆತಾಯಿಯ ಬಳಿ ಅಂಗಡಿಯ ಮಾತೆತ್ತಿರಿ. ಹಣ ಕೊಡಬೇಕೋ ಬೇಡವೋ ಎಂದು ಅವರು ತೀರ್ಮಾನಿಸಲು ಆ ಒಂದು ಹಾಳೆ ಸಾಕು.